ಅಚ್ಚು ಮಾಡುವ ಕೈಗಳು

ಪ್ಲಾಸ್ಟಿಕ್ ಬಕೆಟ್ಟು ಕೊಳ್ಳುವವರು ಅದರ ಅಚ್ಚು ಮಾಡಿದವರನ್ನು ನೆನೆಯುವುದಿಲ್ಲ. ನೆನೆಯಬೇಕಾದ ಅಗತ್ಯವೂ ಇಲ್ಲವೆನ್ನಿ. ಆದರೆ ಬಕೆಟ್ಟಿನಿಂದ ಹಿಡಿದು ಕೈಗಡಿಯಾರದ ಬಿಡಿಭಾಗದವರೆಗೆ, ಒಂದೇ ಅಳತೆಯಲ್ಲಿ ಲಕ್ಷಗಟ್ಟಲೆ ತಯಾರಾಗುವ ವಸ್ತುಗಳ ಹಿಂದೆ ಉಕ್ಕಿನ ಒಂದು ಅಚ್ಚು ಇರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಲೋಪವಿದ್ದರೂ ಲಕ್ಷ ವಸ್ತುಗಳಲ್ಲೂ ಅದೇ ಲೋಪ ಮೂಡುತ್ತದೆ.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿ ನುರಿತ ಕಮ್ಮಾರರಿದ್ದರು, ಅಕ್ಕಸಾಲಿಗರಿದ್ದರು. ಇಂಥ ಅಚ್ಚುಗಳನ್ನು ಮಾಡಬಲ್ಲವರು ವಿರಳ. ಯಂತ್ರಗಳನ್ನೇನೋ ಹಡಗಿನಲ್ಲಿ ತರಿಸಬಹುದಿತ್ತು, ತರಿಸಿದ್ದೂ ಆಯಿತು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಬೆಂಗಳೂರಿನ ಎಚ್‌ಎಂಟಿ ಹುಟ್ಟಿತು. ಅದರ ಗಡಿಯಾರ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬಂತು. ಆದರೆ ಯಂತ್ರದ ಜೊತೆ ಕೈಯ ಹದ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದನ್ನು ಬಲ್ಲವರು ಪಕ್ಕದಲ್ಲಿ ನಿಂತು ಕಲಿಸಬೇಕು.

ಈ ಕೊರತೆಯನ್ನು ತುಂಬಲು ಹೊರದೇಶಗಳ ನೆರವಿನಿಂದ ಶಾಲೆಗಳು ಹುಟ್ಟಿದವು. ಕೇರಳದ ತಲಶ್ಶೇರಿಯ ಬಳಿ ನೆಟ್ಟೂರಿನಲ್ಲಿ ಸ್ವಿಟ್ಜರ್‌ಲೆಂಡಿನ ಚರ್ಚುಗಳ ನೆರವು ಸಂಸ್ಥೆಯೊಂದು 1959ರಲ್ಲಿ ತರಬೇತಿ ಕೇಂದ್ರ ತೆರೆಯಿತು. ಮುಂದೆ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಎನ್‌ಟಿಟಿಎಫ್ ಅದೇ. 1971ರಲ್ಲಿ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಹಕಾರದಿಂದ ಬೆಂಗಳೂರಿನಲ್ಲಿ ಫೋರ್‌ಮನ್‌ಗಳ ತರಬೇತಿ ಸಂಸ್ಥೆ ಆರಂಭವಾಯಿತು. ಮರುವರ್ಷವೇ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ.

ಇಂಥ ಶಾಲೆಗಳಲ್ಲಿ ಪಾಠ ಶುರುವಾಗುವುದು ದೊಡ್ಡ ಯಂತ್ರದಿಂದಲ್ಲ, ಅರದಿಂದ. ಹುಡುಗ ಕಬ್ಬಿಣದ ತುಂಡೊಂದನ್ನು ಇಕ್ಕಳಕ್ಕೆ ಸಿಕ್ಕಿಸಿ ದಿನಗಟ್ಟಲೆ ಉಜ್ಜಬೇಕು. ಮೈ ಸಮತಟ್ಟಾಯಿತೇ, ಮೂಲೆ ಸರಿಯಾಯಿತೇ ಎಂದು ಮತ್ತೆ ಮತ್ತೆ ಅಳೆಯಬೇಕು. ಬೇಸರದ ಕೆಲಸವೇ. ಆದರೆ ಮಿಲಿಮೀಟರಿನ ನೂರನೇ ಒಂದು ಭಾಗ ಎಂದರೇನು ಎಂಬುದು ಪುಸ್ತಕಕ್ಕಿಂತ ಮೊದಲು ಬೆರಳಿಗೆ ತಿಳಿಯುವುದು ಹೀಗೆ. ಗಣಕಯಂತ್ರವೇ ಉಕ್ಕನ್ನು ಕೊರೆಯುವ ಈ ಕಾಲದಲ್ಲೂ ಆ ಪಾಠವನ್ನು ಬಿಟ್ಟಿಲ್ಲ.

ಡೆನ್ಮಾರ್ಕಿನ ನೆರವು ಮುಗಿದ ಮೇಲೂ ಜಿಟಿಟಿಸಿ ಉಳಿಯಿತು, ಮೈಸೂರು, ಬೆಳಗಾವಿ, ಮಂಗಳೂರುಗಳಿಗೂ ಹಬ್ಬಿತು. ಬಂದವರು ಯಂತ್ರ ನಡೆಸುವವರನ್ನಷ್ಟೇ ತಯಾರು ಮಾಡಿ ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಕಲಿತವರಲ್ಲೇ ಕಲಿಸುವವರು ಹುಟ್ಟಿದ್ದರಿಂದ ಆಯಿತು.

ಈಗ ಗಾಳಿ ತಿರುಗಿದೆ. ಜಪಾನು, ಜರ್ಮನಿಗಳಿಗೆ ವಯಸ್ಸಾಗುತ್ತಿದೆ. ಕೈಗಳು ಬೇಕಾಗಿರುವುದು ಅವರಿಗೆ. ನುರಿತ ಕೆಲಸಗಾರರನ್ನು ಕಳಿಸುವ ಬಗ್ಗೆ ಜಪಾನಿನೊಡನೆ ಭಾರತ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಭಾರತದ ನುರಿತವರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ನಮ್ಮ ಹುಡುಗರಿಗೆ ಇದು ಒಳ್ಳೆಯ ಸುದ್ದಿ. ಆದರೆ ಕಲಿಸಿದ ಖರ್ಚು ಇಲ್ಲಿ, ದುಡಿಮೆ ಅಲ್ಲಿ ಎಂದಾದರೆ, ಜೊತೆಗೆ ಕಲಿಸಬಲ್ಲ ಹಿರಿಯ ಕುಶಲಿಗಳೂ ವಿಮಾನ ಹತ್ತಿದರೆ, ಪೀಣ್ಯದ ಸಣ್ಣ ಕಾರ್ಖಾನೆಗಳ ಗತಿಯೇನು? 2018ರಲ್ಲಿ ವಿಶ್ವಸಂಸ್ಥೆಯ ದೇಶಗಳು ಒಪ್ಪಿದ ವಲಸೆಯ ಒಡಂಬಡಿಕೆಯಲ್ಲಿ ಇದಕ್ಕೊಂದು ದಾರಿ ಸೂಚಿಸಲಾಗಿದೆ: ಕಳಿಸುವ ದೇಶ, ಕರೆಸಿಕೊಳ್ಳುವ ದೇಶ ಎರಡೂ ತರಬೇತಿಯಲ್ಲಿ ಪಾಲುದಾರರಾಗುವುದು. ಹಾಗಾದರೆ ವೀಸಾಗಳ ಲೆಕ್ಕದಷ್ಟೇ ಗಟ್ಟಿಯಾಗಿ ನಾವು ಶಿಕ್ಷಕರ, ಯಂತ್ರಗಳ ಲೆಕ್ಕವನ್ನೂ ಕೇಳಬೇಕು.

ಪ್ರಮಾಣಪತ್ರದ ಮಾತೂ ಇದೆ. ಜರ್ಮನಿಯಲ್ಲಿ ಅಚ್ಚು ಮಾಡುವವನ ತರಬೇತಿ ಮೂರೂವರೆ ವರ್ಷ. ಜಿಟಿಟಿಸಿಯ ಡಿಪ್ಲೊಮಾ, ಕಾರ್ಖಾನೆಯಲ್ಲಿ ಕಳೆಯುವ ಒಂದು ವರ್ಷವೂ ಸೇರಿ, ನಾಲ್ಕು ವರ್ಷ. ಆದರೂ ಎರಡೂ ಸಮವೇ ಎಂಬುದನ್ನು ಅಲ್ಲಿನ ಕಚೇರಿ ಒಬ್ಬೊಬ್ಬರ ಅರ್ಜಿ ನೋಡಿ ತೀರ್ಮಾನಿಸುತ್ತದೆ.