ಶಿಬಿರದ ಅನ್ನ ಮತ್ತು ಸಭೆಯ ಉಪಚಾರ: ಮುಂಡಗೋಡದ ನಿರಾಶ್ರಿತರನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಸಭೆಯ ಉಪಚಾರಸೇವೆಯನ್ನು ಕುರಿತು ಬೋಧಿಸುವಾಗ ನಾವು ಸಾಮಾನ್ಯವಾಗಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಿಂದ ಆರಂಭಿಸುತ್ತೇವೆ. ಹಸಿದವನಿಗೆ ಊಟ ಕೊಡಬೇಕು, ಪರದೇಶಿಯನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಆ ಭಾಗ ಸ್ಪಷ್ಟಪಡಿಸುತ್ತದೆ. ಹೇಗೆ ಕೊಡಬೇಕೆಂಬುದನ್ನು ವಿವರಿಸುವುದಿಲ್ಲ. ಸಾವಿರಾರು ಜನರು ಶಿಬಿರದಲ್ಲಿ ತಿಂಗಳುಗಟ್ಟಲೆ ಪಡಿಗಾಗಿ ಸಾಲು ನಿಲ್ಲುವಾಗ ಕಠಿಣವಾಗುವುದು ಈ ಎರಡನೆಯ ಪ್ರಶ್ನೆಯೇ. ಅದನ್ನು ನೇರವಾಗಿ ಎದುರಿಸುವ ವೇದಭಾಗ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ. ಅದನ್ನು ನಮ್ಮ ಉತ್ತರ ಕನ್ನಡದ ಒಂದು ಅನುಭವದ ಜೊತೆಯಲ್ಲಿಟ್ಟು ಓದಲು ಇಲ್ಲಿ ಯತ್ನಿಸುತ್ತೇವೆ.

ಸೋಂದಾ, ಶಿರಸಿ, ಯಲ್ಲಾಪುರಗಳ ಸೀಮೆಗೆ ನೆಲೆ ತಪ್ಪಿದವರ ಪರಿಚಯ ಹಳೆಯದು. 1760ರ ದಶಕದಲ್ಲಿ ಹೈದರಾಲಿಯ ಸೈನ್ಯವು ಸೋಂದೆಯನ್ನು ವಶಪಡಿಸಿಕೊಂಡಾಗ ಅಲ್ಲಿಯ ಅರಸನೇ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಬಾಳಬೇಕಾಯಿತು. ಅದೇ ಗೋವೆಯಲ್ಲಿ ದಾಸರಾಗಿದ್ದು ತಪ್ಪಿಸಿಕೊಂಡು ಬಂದ ಆಫ್ರಿಕಾ ಮೂಲದ ಸಿದ್ದಿಗಳಿಗೆ ಯಲ್ಲಾಪುರ, ಹಳಿಯಾಳಗಳ ಕಾಡು ನೆಲೆಯಾಯಿತು. ಶಿರಸಿ ಮತ್ತು ಯಲ್ಲಾಪುರ ತಾಲ್ಲೂಕುಗಳಿಗೆ ತಾಗಿಕೊಂಡಿರುವ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿಯು ಸ್ಥಾಪಿತವಾಯಿತು. ಬೈಲಕುಪ್ಪೆಯ ವಸತಿ ಅದಕ್ಕಿಂತ ಕೆಲವು ವರ್ಷ ಹಿಂದಿನದು.

ಮುಂಡಗೋಡಕ್ಕೆ ಬರುವ ಮೊದಲು ಇವರಲ್ಲಿ ಅನೇಕರು ಶಿಬಿರಗಳಲ್ಲಿ ವರ್ಷಗಳನ್ನು ಕಳೆದಿದ್ದರು. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಗಡಿ ದಾಟಿ ಬಂದವರಿಗಾಗಿ ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳೆದ್ದವು. ಸುಮಾರು 1,500 ಮಂದಿ ಸನ್ಯಾಸಿಗಳನ್ನು ಉತ್ತರ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಬಂದಿಗಳನ್ನಿಡುತ್ತಿದ್ದ ಕೋಟೆಯಲ್ಲಿ, ಇರಿಸಲಾಯಿತು. ಆಚಾರ್ಯ ಕೃಪಲಾನಿ ಅವರ ಅಧ್ಯಕ್ಷತೆಯ ಕೇಂದ್ರ ಪರಿಹಾರ ಸಮಿತಿಯ ಮೂಲಕ ಆಹಾರ, ಬಟ್ಟೆ, ಔಷಧಗಳು ಬಂದವು. ಕ್ರೈಸ್ತ ಪರಿಹಾರ ಸಂಸ್ಥೆಗಳೂ ಅದರಲ್ಲಿ ಕೈಜೋಡಿಸಿದವು. ಕೊಡುವ ಮನಸ್ಸಿಗೆ ಕೊರತೆಯಿರಲಿಲ್ಲ. ಆದರೆ ಹುರಿದ ಜವೆಯ ಹಿಟ್ಟು, ಬೆಣ್ಣೆ ಬೆರೆಸಿದ ಉಪ್ಪು ಚಹಾಗಳಲ್ಲಿ ಬೆಳೆದ ದೇಹಗಳು ತಗ್ಗುಪ್ರದೇಶದ ಸೆಕೆ, ಒತ್ತೊತ್ತಿನ ವಾಸ, ಒಗ್ಗದ ಊಟಗಳ ನಡುವೆ ಸೊರಗಿದವು. ಬಕ್ಸಾದಲ್ಲಿ ಕ್ಷಯರೋಗ ಹರಡಿತು. ಪಾತ್ರೆ ತುಂಬಿದೆಯೆಂದ ಮಾತ್ರಕ್ಕೆ ಉಪಚಾರ ಆಯಿತೆನ್ನಲಾಗದು.

ಯೆರೂಸಲೇಮಿನ ಸಭೆಯಲ್ಲಿಯೂ ಊಟವಿತ್ತು. ಗ್ರೀಕ್ ಮಾತಾಡುವ ವಿಧವೆಯರು ಮಾತ್ರ ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಲೂಕನು ಇದನ್ನು ಮರೆಮಾಚದೆ ಬರೆಯುತ್ತಾನೆ. ಅಪೊಸ್ತಲರು ಗೊಣಗಿದವರನ್ನು ಕೃತಘ್ನರೆಂದು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಲು ಸಭೆಗೇ ಹೇಳಿದರು. ಆರಿಸಲ್ಪಟ್ಟವರ ಹೆಸರುಗಳನ್ನು ಗಮನಿಸಬೇಕು. ಸ್ತೆಫನ, ಫಿಲಿಪ್ಪ ಮೊದಲ್ಗೊಂಡು ಏಳಕ್ಕೆ ಏಳೂ ಗ್ರೀಕ್ ಹೆಸರುಗಳು. (ಯೆಹೂದದವರಲ್ಲಿಯೂ ಗ್ರೀಕ್ ಹೆಸರುಗಳಿದ್ದವು, ಅಪೊಸ್ತಲನಾದ ಫಿಲಿಪ್ಪನೇ ಸಾಕ್ಷಿ, ಆದರೆ ಏಳೂ ಹಾಗಿರುವುದನ್ನು ಆಕಸ್ಮಿಕವೆನ್ನಲು ನಮಗೆ ಮನಸ್ಸೊಪ್ಪದು.) ಅನ್ಯಾಯಕ್ಕೊಳಗಾದ ಗುಂಪಿನ ಕೈಗೇ ಹಂಚಿಕೆಯ ಅಧಿಕಾರ ಹೋಯಿತು. ಇನ್ನೊಂದು ಅಂಶವುಂಟು: ಅನ್ನದ ಹಂಚಿಕೆಗೂ ವಾಕ್ಯದ ಸೇವೆಗೂ ಲೂಕನು ಬಳಸುವ ಮೂಲಪದ ಒಂದೇ, ದಿಯಕೊನಿಯ. ಒಂದನ್ನು ಮೇಲಿನದು, ಮತ್ತೊಂದನ್ನು ಕೆಳಗಿನದು ಎಂದು ನಾವು ಪಾಠಮಾಡುವುದಕ್ಕೆ ಮೂಲದಲ್ಲಿ ಆಧಾರ ಕಡಿಮೆ.

ಮುಂಡಗೋಡದಲ್ಲಿ ಇಂತಹದೇ ಒಂದು ಹಸ್ತಾಂತರ ನಡೆಯಿತು. ಆಗಿನ ಮೈಸೂರು ರಾಜ್ಯ ಸರ್ಕಾರವು ಸುಮಾರು 4,000 ಎಕರೆ ಭೂಮಿಯನ್ನು ಗೇಣಿಗೆ ಕೊಟ್ಟಿತು. ಕಾಡು ಕಡಿದು ಹಸನುಮಾಡಿದ ಹೊಲಗಳಲ್ಲಿ ಜವೆಯ ಜನರು ಗೋವಿನಜೋಳ, ಭತ್ತ ಬೆಳೆಯಲು ಕಲಿತರು. ಸಹಕಾರಿ ಸಂಘ ಕಟ್ಟಿಕೊಂಡರು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮೊದಲ ಹತ್ತು ವರ್ಷ ಟಿಬೆಟನ್ನರ ಪುನರ್ವಸತಿಯಲ್ಲಿ ಸರ್ಕಾರಕ್ಕೆ ನೆರವಾಗಿ, ಬಳಿಕ ಗ್ರಾಮೀಣ ಬಡವರತ್ತ ತಿರುಗಿತು. ಇದರಲ್ಲಿ ಯಾಜಕಕಾಂಡ 19ರ ನಿಯಮದ ನೆರಳು ಕಾಣುತ್ತದೆ. ಹೊಲದ ಅಂಚನ್ನು ಪರದೇಶಿಗೆ ಬಿಡಬೇಕೆಂದು ಅಲ್ಲಿದೆಯೇ ಹೊರತು ಕೊಯ್ದು ಅವನ ಮನೆಗೆ ಹೊತ್ತು ಹಾಕಬೇಕೆಂದಿಲ್ಲ. ಮೋವಾಬ್ಯಳಾದ ರೂತಳು ಹಕ್ಕಲಾಯ್ದು ತಂದದ್ದು ಅವಳದೇ ದುಡಿಮೆ.

ಕೆಲವು ಓದುಗರಿಗೆ ಇರಿಸುಮುರಿಸಾಗಬಹುದಾದ ಸಂಗತಿಗೆ ಈಗ ಬರುತ್ತೇವೆ. 1969ರ ಸುಮಾರಿಗೆ ಬಕ್ಸಾದ ಸನ್ಯಾಸಿಗಳು ದಕ್ಷಿಣಕ್ಕೆ ಬಂದಾಗ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡದಲ್ಲಿ, ಸೆರಾ ಮಠವು ಬೈಲಕುಪ್ಪೆಯಲ್ಲಿ ಪುನಃ ತಲೆಯೆತ್ತಿದವು. ಕ್ರೈಸ್ತರ ಕಾಣಿಕೆಯೂ ಸೇರಿದ್ದ ಅನ್ನದಿಂದ ಬದುಕುಳಿದವರು ಬೌದ್ಧರಾಗಿಯೇ ಉಳಿದು ಬೌದ್ಧ ವಿದ್ಯೆಯನ್ನು ಬೆಳೆಸಿದರು. ಅದರಿಂದ ನಮ್ಮ ಕಾಣಿಕೆ ವ್ಯರ್ಥವಾಯಿತೇ? ಇಲ್ಲವೆಂದೇ ನಮ್ಮ ನಿಲುವು. ಯೋಹಾನನ 6ನೆಯ ಅಧ್ಯಾಯದಲ್ಲಿ ರೊಟ್ಟಿ ತಿಂದ ಜನರು ತನ್ನನ್ನು ಅರಸನನ್ನಾಗಿ ಮಾಡಬೇಕೆಂದಿರುವುದನ್ನು ತಿಳಿದ ಯೇಸು ಒಬ್ಬನೇ ಬೆಟ್ಟಕ್ಕೆ ಹೊರಟುಹೋಗುತ್ತಾನೆ. ತಾನು ಉಣಿಸಿದ ಊಟಕ್ಕೆ ಜನರ ನಿಷ್ಠೆಯನ್ನು ಬೆಲೆಯಾಗಿ ಪಡೆಯಲು ಆತನು ಒಪ್ಪಲಿಲ್ಲ. ಮರುದಿನ ಜೀವದ ರೊಟ್ಟಿಯ ವಿಷಯವಾಗಿ ಮಾತಾಡಿದನು, ಅನೇಕರು ಬಿಟ್ಟುಹೋದರು. ಹಿಂದಿನ ದಿನದ ಊಟವನ್ನು ಅವರಿಗೆ ಋಣವಾಗಿ ಎಣಿಸಲಿಲ್ಲ. ಶಿಬಿರದಲ್ಲಿರುವವನಿಗೆ ಬೇರೆ ಅಡಿಗೆಮನೆಯಿಲ್ಲ. ಅವನ ಹೌದು ಎಂಬುದರಲ್ಲಿ ಹಸಿವಿನ ಪಾಲೆಷ್ಟು, ನಂಬಿಕೆಯ ಪಾಲೆಷ್ಟೆಂದು ಅವನೂ ಹೇಳಲಾರನು.

ಮುಂಡಗೋಡದ ಕಥೆ ಮುಗಿದಿಲ್ಲ. ಗೇಣಿಯ ಭೂಮಿ ಒಡೆತನವಾಗಿಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಅಲ್ಲಿಯ ಹಳ್ಳಿಗಳನ್ನು ಸುತ್ತಲಿನವರು ಇಂದಿಗೂ ಸಂಖ್ಯೆ ಹಿಡಿದು ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

ನಿರಾಶ್ರಿತರ ಶಿಬಿರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಲಿಕ್ಕಿಲ್ಲ. ನೆರೆಯ ಕಾಲದ ಗಂಜಿ ಕೇಂದ್ರವನ್ನಂತೂ ನಡೆಸಬೇಕಾಗುತ್ತದೆ. ಸಭಾಂಗಣವನ್ನು ತೆರೆದ ಮೊದಲ ಸಂಜೆಯೇ ಸಭಾಪಾಲಕರು ಬಂದವರಲ್ಲಿಂದ ಕೆಲವರನ್ನು, ಅದರಲ್ಲೂ ಹೆಂಗಸರನ್ನು, ಅಡಿಗೆಗೂ ಬಡಿಸುವುದಕ್ಕೂ ಕರೆಯಲಿ. ದಾಸ್ತಾನಿನ ಲೆಕ್ಕ ಅವರಿಗೂ ಕಾಣುವಂತಿರಲಿ. ಯಾರು ಏನು ಉಣ್ಣುವುದಿಲ್ಲ, ಮಗುವಿಗೆ ಏನು ಬೇಕು, ಸಾಲಿಗೆ ಬರಲಾರದೆ ಮೂಲೆಯಲ್ಲಿ ಕುಳಿತವರು ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ. ಪ್ರಾರ್ಥನೆಯ ಹೊತ್ತು ಊಟದ ಹೊತ್ತಿಗೆ ಅಂಟಿಕೊಂಡಿರುವುದು ಬೇಡ. ತಟ್ಟೆ ಹಿಡಿದವರ ಛಾಯಾಚಿತ್ರವೂ ಬೇಡ.