ಪ್ರವಾದಿಯ ನುಡಿ: ಭವಿಷ್ಯವೋ, ಎಚ್ಚರಿಕೆಯೋ?

ಯುಗಾದಿಯಂದು ಪಂಚಾಂಗ ಶ್ರವಣ ಮಾಡುವ ಮನೆಗಳು ನಮ್ಮಲ್ಲಿ ಅನೇಕ. ಅರಸೀಕೆರೆ ತಾಲ್ಲೂಕು ಹಾರನಹಳ್ಳಿಯ ಕೋಡಿಮಠದ ಭವಿಷ್ಯವಾಣಿ ಪತ್ರಿಕೆಗಳಲ್ಲಿ ಬಂದರೆ, ಮಳೆ ಬೆಳೆಯ ಚಿಂತೆಯುಳ್ಳವರು ಅದನ್ನು ತಪ್ಪದೆ ಓದುತ್ತಾರೆ. ಹೀಗಿರುವಾಗ ಕ್ರೈಸ್ತರ ಬೈಬಲಿನಲ್ಲಿ ‘ಪ್ರವಾದಿ’ ಎಂಬ ಮಾತನ್ನು ಕಂಡರೆ, ಇವನೂ ನಾಳೆಯದನ್ನು ಇಂದೇ ಹೇಳುವವನಿರಬೇಕೆಂದು ನಿಮಗೆ ತೋರುವುದು ಸಹಜ. ಅದು ಅರ್ಧ ಮಾತ್ರ ನಿಜ.

ಮೆಸ್ಸೀಯನು ಬೇತ್ಲೆಹೇಮಿನಲ್ಲಿ ಹುಟ್ಟುವನೆಂದು ಮೀಕನು ಮೊದಲೇ ನುಡಿದಿದ್ದನೆಂದು ಕ್ರೈಸ್ತರು ನಂಬುತ್ತಾರೆ. ಆದರೆ ಪ್ರವಾದಿಯ ಮುಖ್ಯ ಕೆಲಸ ಬೇರೆ. ದೇವರ ಪರವಾಗಿ ನಿಂತು, ಜನರ ಇಂದಿನ ನಡತೆಯನ್ನು ಕುರಿತು ನುಡಿಯುವವನೇ ಪ್ರವಾದಿ.

ಕ್ರಿ.ಪೂ. 8ನೆಯ ಶತಮಾನದ ಆಮೋಸನನ್ನು ನೋಡಿ. ಅವನು ತೆಕೋವ ಎಂಬ ಊರಿನಲ್ಲಿ ಕುರಿ ಸಾಕಿಕೊಂಡಿದ್ದವನು. ಕೊಳಗವನ್ನು ಕಿರಿದು ಮಾಡಿ, ಬೆಲೆಯನ್ನು ಹಿರಿದು ಮಾಡಿ, ಕಳ್ಳತಕ್ಕಡಿಯಲ್ಲಿ ತೂಗಿ ಬಡವರನ್ನು ಸುಲಿಯುವವರ ಹಬ್ಬವೂ ಹಾಡೂ ದೇವರಿಗೆ ಬೇಡವೆಂದು ಸಾರಿದನು. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಗೆ ಹೋಗಿಬರುವವರಿಗೆ ತಕ್ಕಡಿಯ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯೋನನ ಕಥೆ. ನಿನೆವೆ ನಗರವು 40 ದಿನಗಳಲ್ಲಿ ನಾಶವಾಗುವುದೆಂದು ಅವನು ಕೂಗಿ ಹೇಳಿದನು. ಅರಸನು ಸಿಂಹಾಸನದಿಂದಿಳಿದು ಬೂದಿಯಲ್ಲಿ ಕುಳಿತನು. ಜನರು ಕೆಟ್ಟ ನಡತೆಯನ್ನು ಬಿಟ್ಟರು. ನಗರ ಉಳಿಯಿತು. ಹೇಳಿದ್ದು ನಡೆಯಲಿಲ್ಲವೆಂದು ಯೋನನಿಗೇ ಸಿಟ್ಟು ಬಂತು! ಭವಿಷ್ಯವೆಂದು ಎಣಿಸಿದರೆ ಆ ಮಾತು ಸುಳ್ಳಾಯಿತು. ಎಚ್ಚರಿಕೆಯೆಂದು ಎಣಿಸಿದರೆ ಸಾರ್ಥಕವಾಯಿತು.

ಹಿತವಾದ ನುಡಿಯೆಲ್ಲ ದೇವರ ನುಡಿಯಲ್ಲ. ಬಾಬೆಲಿನ ನೊಗ ಎರಡೇ ವರ್ಷಗಳಲ್ಲಿ ಮುರಿಯುವುದೆಂದು ಹನನ್ಯನು ಹೇಳಿದನು. ಯೆರೆಮೀಯನಾದರೋ, ಸೆರೆಹೋದವರು 70 ವರ್ಷ ಕಾಯಬೇಕು, ಅಲ್ಲಿಯೇ ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಲಿ ಎಂದನು. ಹನನ್ಯನ ಮಾತು ಹುಸಿಯಾಯಿತು, ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಬಿದ್ದಿತು.

ಹಾಗಾದರೆ 1311ರಲ್ಲಿ ಮಲ್ಲಿಕ್ ಕಾಫರನ ದಾಳಿಗೆ ತುತ್ತಾದ ದೋರಸಮುದ್ರ, ನಮ್ಮ ಇಂದಿನ ಹಳೇಬೀಡು, ದೇವರ ಶಿಕ್ಷೆಗೆ ಗುರಿಯಾಯಿತೆನ್ನೋಣವೇ? ಅವಸರ ಬೇಡ. ಪ್ರವಾದಿಗಳು ಎಲ್ಲರಿಗಿಂತ ಕಟುವಾಗಿ ಪ್ರಶ್ನಿಸಿದ್ದು ತಮ್ಮ ಸ್ವಂತ ಜನರನ್ನು. ಪರರ ಪಾಳುಗೋಡೆಯನ್ನು ತೋರಿಸಿ ತೀರ್ಪು ಹೇಳುವುದು ಸುಲಭ. ಅದರಿಂದ ನಮ್ಮ ಮನೆ ನೆಟ್ಟಗಾಗುವುದಿಲ್ಲ.

ಬೇಲೂರಿನ ದರ್ಪಣಸುಂದರಿಯನ್ನು ನೀವು ನೋಡಿರಬಹುದು. ಕನ್ನಡಿ ತೋರಿಸುವುದು ಇಂದಿನ ಮುಖವನ್ನು, ನಾಳೆಯದನ್ನಲ್ಲ. ಪ್ರವಾದಿಯ ನುಡಿಯೂ ಹಾಗೆಯೇ. ಇನ್ನು ಮುಂದೆ ಯಾರಾದರೂ ದೇವರ ಹೆಸರಿನಲ್ಲಿ ನಾಳೆಯ ಸುದ್ದಿ ತಂದರೆ, ಅದು ನಿಜವಾದೀತೇ ಎಂದು ಕೇಳುವ ಮುನ್ನ, ಇಂದು ನಾನು ತಿದ್ದಿಕೊಳ್ಳಬೇಕಾದದ್ದು ಏನೆಂದು ಅದು ತಿಳಿಸುತ್ತದೆಯೇ ಎಂದು ವಿಚಾರಿಸಿ. ದೇವರ ಚಿತ್ತವನ್ನು ಅರಿಯಲು ಪ್ರವಾದಿಗಳು ತೋರಿದ ದಾರಿ ಅದು.