ಹತ್ತಿಯ ಎಳೆ ಎಂಬ ಒಂಟಿ ಜೀವಕೋಶ

ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ ಮತ್ತು ಸವಣೂರು ತಾಲ್ಲೂಕುಗಳ ಹೊಲಗಳಲ್ಲಿ ಗೋವಿನಜೋಳ ಬಹುಪಾಲು ಜಾಗವನ್ನು ಹಿಡಿದಿದ್ದರೂ ಹತ್ತಿ ಇನ್ನೂ ಅಲ್ಲಿಂದ ಕಾಲ್ತೆಗೆದಿಲ್ಲ. ಜೀವಕೋಶವೆಂದರೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥದು ಎಂಬ ತಿಳಿವಳಿಕೆ ಶಾಲೆಯ ದಿನಗಳಿಂದಲೇ ಬೇರೂರಿರುತ್ತದೆ. ಆದರೆ ಬಿರಿದ ಕಾಯಿಯಿಂದ ಬಿಡಿಸಿದ ಅರಳೆಯಲ್ಲಿ ಒಂದೇ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದವರು ಒಂದು ಇಡೀ ಜೀವಕೋಶದ ಹೊರಗೋಡೆಯನ್ನೇ ಹಿಡಿದಿರುತ್ತಾರೆ. ಎಳೆಯ ಉದ್ದ ಸುಮಾರು 30 ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಅಂದರೆ ದಪ್ಪಕ್ಕಿಂತ ಉದ್ದವು ಸಾವಿರದೈನೂರು ಪಟ್ಟು ಹೆಚ್ಚು. ಸಸ್ಯಲೋಕದಲ್ಲಿ ಇಷ್ಟು ಉದ್ದ ಬೆಳೆಯುವ ಜೀವಕೋಶಗಳು ವಿರಳ.

ಈ ಕೋಶ ಹುಟ್ಟುವುದು ಹೂ ಅರಳುವ ದಿನವೇ. ಕೆನೆಬಣ್ಣದ ಹೂವಿನ ಒಳಗೆ, ಮುಂದೆ ಕಾಳಾಗಲಿರುವ ಅಂಡಕದ ಹೊರಸಿಪ್ಪೆಯಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಕೋಶವು ಉಬ್ಬಿ ಮೇಲೇಳುತ್ತದೆ; ಹೀಗೆ ಒಂದೊಂದು ಕಾಳಿನ ಮೇಲೂ ಹತ್ತು ಸಾವಿರಕ್ಕೂ ಹೆಚ್ಚು ಎಳೆಗಳು ಮೊಳೆಯುತ್ತವೆ. ಮರುದಿನ ಹೂವು ನಸುಗೆಂಪಿಗೆ ತಿರುಗುವುದನ್ನು ಹತ್ತಿ ಬೆಳೆಗಾರರೆಲ್ಲರೂ ಬಲ್ಲರು. ಆ ಕೆಂಪು ಬಣ್ಣವು ದಳದ ಕೋಶಗಳ ರಸದಾನಿಯಲ್ಲಿ, ಅಂದರೆ ನೀರು, ಲವಣ, ಸಕ್ಕರೆ ಮತ್ತು ಬಣ್ಣದ ಕಣಗಳನ್ನು ಕೂಡಿಡುವ ಪೊರೆಚೀಲದಲ್ಲಿ, ತುಂಬಿಕೊಳ್ಳುತ್ತದೆ. ಎಳೆಯ ಕೋಶದಲ್ಲಿ ಇದೇ ರಸದಾನಿಗೆ ಬೇರೆಯೇ ಕೆಲಸವಿದೆ. ಅದು ಪೊಟ್ಯಾಸಿಯಂ ಹಾಗೂ ಸಕ್ಕರೆಯನ್ನು ಒಳಗೆಳೆದುಕೊಂಡಾಗ ಅವುಗಳ ಬೆನ್ನಿಗೆ ನೀರೂ ನುಗ್ಗಿ, ಒಳಗಿನ ಒತ್ತಡ ಏರಿ, ಇನ್ನೂ ಮೆತ್ತಗಿರುವ ಗೋಡೆ ಹಿಗ್ಗುತ್ತದೆ. ಗೋಡೆಯಲ್ಲಿನ ಸೆಲ್ಯುಲೋಸ್ ನೂಲುಗಳು ಕೋಶಕ್ಕೆ ಅಡ್ಡಲಾಗಿ ಸುತ್ತಿಕೊಂಡಿರುವುದರಿಂದ ಕೋಶವು ಊದಿಕೊಳ್ಳದೆ ಉದ್ದಕ್ಕೇ ಬೆಳೆಯಬೇಕಾಗುತ್ತದೆ. ಬಿರುಸಿನ ದಿನಗಳಲ್ಲಿ ಅದು ದಿನಕ್ಕೆ ಎರಡು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಪಕ್ಕದ ಕೋಶಗಳೊಡನೆ ಸಂಪರ್ಕ ಕಲ್ಪಿಸುವ ಸೂಕ್ಷ್ಮ ರಂಧ್ರಗಳು ಈ ಅವಧಿಯಲ್ಲಿ ಕೆಲವು ದಿನ ಮುಚ್ಚಿಕೊಂಡು, ಒತ್ತಡ ಹಿಂದಕ್ಕೆ ಸೋರಿಹೋಗದಂತೆ ತಡೆಯುತ್ತವೆ. ಹೂಬಿಟ್ಟ ಮೊದಲ ಮೂರು ವಾರಗಳಲ್ಲಿ ನೀರಿನ ಕೊರತೆಯಾದರೆ, ಇಲ್ಲವೆ ಮಣ್ಣಿನಲ್ಲಿ ಪೊಟ್ಯಾಷ್ ಕಡಿಮೆಯಿದ್ದರೆ, ಎಳೆ ಗಿಡ್ಡವಾಗಿ ಮಾರುಕಟ್ಟೆಯಲ್ಲಿ ದರ ತಗ್ಗುವುದಕ್ಕೆ ಮೂಲ ಕಾರಣ ಈ ಒತ್ತಡದಲ್ಲೇ ಇದೆ.

ಬೆಳೆಯುತ್ತಿರುವ ಎಳೆಯೊಳಗೆ ಉಳಿದ ಅಂಗಕಗಳೂ ಬಿಡುವಿಲ್ಲದೆ ದುಡಿಯುತ್ತವೆ. ಕೋಶಕೇಂದ್ರದಲ್ಲಿರುವ ಡಿಎನ್‌ಎಯ ಬರಹವನ್ನು ರೈಬೋಸೋಮುಗಳು ಪ್ರೋಟೀನುಗಳಾಗಿ ಕಟ್ಟುತ್ತವೆ. ಮೈಟೋಕಾಂಡ್ರಿಯಗಳು ಎಲೆಯಿಂದ ಬಂದ ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಒಡೆದು ಶಕ್ತಿ ಒದಗಿಸುತ್ತವೆ. ಗಾಲ್ಗಿ ಸಂಕೀರ್ಣವು ಗೋಡೆಗೆ ಬೇಕಾದ ಪೆಕ್ಟಿನ್‌ನಂತಹ ಸಾಮಗ್ರಿಯನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಹೊರಕ್ಕೆ ಸಾಗಿಸುತ್ತದೆ. ಸೆಲ್ಯುಲೋಸ್ ಮಾತ್ರ ಕೋಶಪೊರೆಯಲ್ಲೇ, ಅಲ್ಲಿ ಹುದುಗಿರುವ ಕಿಣ್ವಗಳ ಗುಂಪುಗಳಿಂದ, ನೇರವಾಗಿ ಗೋಡೆಗೆ ಇಳಿಯುತ್ತದೆ. ಮೂರನೆಯ ವಾರದ ಹೊತ್ತಿಗೆ ಉದ್ದದ ಬೆಳವಣಿಗೆ ತಗ್ಗಿ, ಕೋಶವು ತನ್ನ ಗೋಡೆಯ ಒಳಮೈಗೆ ಪದರದ ಮೇಲೆ ಪದರವಾಗಿ ಸೆಲ್ಯುಲೋಸನ್ನು ಬಳಿಯತೊಡಗುತ್ತದೆ. ಬಲಿತ ಎಳೆಯ ಒಣತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾವೇರಿ ಜಿಲ್ಲೆಯ ರೈತರು ಹೈಬ್ರಿಡ್ ಹತ್ತಿಬೀಜ ತಯಾರಿಕೆಯಲ್ಲಿ ಪಳಗಿದವರು: ಸಂಜೆ ಹೆಣ್ಣು ಸಾಲಿನ ಮೊಗ್ಗಿನಿಂದ ಪರಾಗಕೋಶಗಳನ್ನು ಕೈಯಿಂದಲೇ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಶಲಾಕೆಗೆ ಸವರುವ ಈ ಕೆಲಸಕ್ಕೆ ಊರಿನವರು ಕ್ರಾಸಿಂಗ್ ಎನ್ನುತ್ತಾರೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿಯಾಗಲಿ, ಅದರ ನಂತರ ಅಲ್ಲಿಂದಲೇ ಬಂದ ಡಿಸಿಎಚ್-32 ಅಥವಾ ಜಯಲಕ್ಷ್ಮಿಯಾಗಲಿ, ಎರಡು ಬೇರೆ ಬೇರೆ ಹತ್ತಿ ಪ್ರಭೇದಗಳನ್ನು ಹೀಗೆ ಬೆರೆಸಿದ್ದರ ಫಲ. ಪರಾಗದಿಂದ ಬರುವುದು ಮುಖ್ಯವಾಗಿ ಕೋಶಕೇಂದ್ರದ 26 ವರ್ಣತಂತುಗಳು. ತಾಯಿಯ ಅಂಡದಿಂದ ಇನ್ನೊಂದು 26 ಸೇರಿ ಭ್ರೂಣದ ಕೋಶಗಳಲ್ಲಿ 52 ಆಗುತ್ತವೆ, ಆದರೆ ಮೈಟೋಕಾಂಡ್ರಿಯಗಳು ತಾಯಿಯವೇ. ಎಳೆಯು ಭ್ರೂಣದ ಅಂಗವಲ್ಲ, ಕಾಳಿನ ಸಿಪ್ಪೆಯ ಕೋಶ. ಸಿಪ್ಪೆಯೋ ಪೂರ್ತಿ ತಾಯಿಗಿಡದ್ದು. ಆದ್ದರಿಂದ ಕ್ರಾಸಿಂಗ್ ಮಾಡಿದ ಕಾಯಿಯಲ್ಲಿ ಕಾಳು ಹೈಬ್ರಿಡ್ ಆಗಿದ್ದರೂ ಅದರ ಮೈಮೇಲಿನ ಅರಳೆ ತಾಯಿಯ ಜಾತಿಯದೇ ಆಗಿರುತ್ತದೆ. ಹೈಬ್ರಿಡ್ ಅರಳೆ ಕಾಣಬೇಕಾದರೆ ಆ ಕಾಳನ್ನು ಮುಂದಿನ ಹಂಗಾಮಿನಲ್ಲಿ ಬಿತ್ತಬೇಕು. ತಳಿವಿಜ್ಞಾನದ ಪಾಠವನ್ನು ಇದಕ್ಕಿಂತ ಸರಳವಾಗಿ ಹೇಳಿಕೊಡುವ ಬೇರೆ ಬೆಳೆ ಸಿಗುವುದು ಕಷ್ಟ.

ಹೂಬಿಟ್ಟ ಸುಮಾರು ಐವತ್ತು ದಿನಗಳಿಗೆ ಕಾಯಿ ಬಿರಿಯುವಾಗ ಎಳೆಯ ಕೋಶ ಸತ್ತು, ಒಳಗಿನ ರಸ ಒಣಗಿ, ಗಾಳಿ ಬಿಟ್ಟ ಸೈಕಲ್ ಟ್ಯೂಬಿನಂತೆ ಚಪ್ಪಟೆಯಾಗುತ್ತದೆ. ಗೋಡೆಯ ಸೆಲ್ಯುಲೋಸ್ ನೂಲುಗಳು ಅಲ್ಲಲ್ಲಿ ದಿಕ್ಕು ಬದಲಿಸುತ್ತ ಸುರುಳಿಯಾಗಿ ಹಬ್ಬಿರುವುದರಿಂದ ಒಣಗುವ ಎಳೆ ತಿರುಚಿಕೊಳ್ಳುತ್ತದೆ. ಈ ತಿರುಚುಗಳು ಒಂದನ್ನೊಂದು ಹಿಡಿಯುವುದರಿಂದಲೇ ಹತ್ತಿಯನ್ನು ನೂಲಾಗಿ ಹೊಸೆಯಲು ಸಾಧ್ಯ. ಬೂರುಗದ ಅರಳೆಯೂ ಒಂಟಿ ಕೋಶಗಳದ್ದೇ ಆದರೂ ಅದರ ಗೋಡೆ ತೆಳು, ಮೈ ನುಣುಪು, ತಿರುಚಿಲ್ಲ. ಹಾಗಾಗಿ ಅದಕ್ಕೆ ದಿಂಬಿನೊಳಗೇ ಸ್ಥಾನ. ಗೋಡೆ ಬಲಿಯುವ ಮೊದಲೇ ರೋಗ ಅಥವಾ ಬರಗಾಲಕ್ಕೆ ಸಿಕ್ಕ ಕಾಯಿಯ ಎಳೆ ಬಣ್ಣವನ್ನು ಸರಿಯಾಗಿ ಹೀರದೆ ಬಟ್ಟೆಯಲ್ಲಿ ಬಿಳಿಚುಕ್ಕೆಯಾಗಿ ಉಳಿಯುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ಚೂರಿನಲ್ಲಿ ಕಂಡು ಹೆಸರಿಟ್ಟದ್ದೂ ಇಂಥದೇ ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಜೀವಕೋಶದ ಅಧ್ಯಯನವು ಜೀವವಿಲ್ಲದ ಭಾಗದಿಂದ ಶುರುವಾಯಿತೆಂಬುದು ವಿಜ್ಞಾನದ ಇತಿಹಾಸದ ಒಂದು ವಿಚಿತ್ರ.

ಸತ್ತ ಮೇಲೆ ಬೆಲೆ ಪಡೆಯುವ ಈ ಕೋಶಕ್ಕೆ ತೀರ ವಿರುದ್ಧವಾದ ಉದಾಹರಣೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿದೆ. ಆಫ್ರಿಕಾ ಮೂಲದ ದೊಡ್ಡಹುಣಸೆ ಮರವು ಹೆಸರಿಗೆ ಹುಣಸೆಯಾದರೂ ಹುಣಸೆಯ ನೆಂಟನಲ್ಲ, ಹತ್ತಿಯ ನೆಂಟ. ಎರಡೂ ಸೇರುವುದು ದಾಸವಾಳದ ಕುಟುಂಬಕ್ಕೆ. ತೇಗದಂತಹ ಮರದ ಕಾಂಡದಲ್ಲಿ ಬಹುಪಾಲು ಸತ್ತ, ದಪ್ಪಗೋಡೆಯ ಕೋಶಗಳಿದ್ದರೆ, ದೊಡ್ಡಹುಣಸೆಯ ಕಾಂಡದ ಬಹುಭಾಗವು ತೆಳುಗೋಡೆಯ, ನೀರು ತುಂಬಿದ, ಜೀವಂತ ಕೋಶಗಳಿಂದಾದದ್ದು. ಅಷ್ಟು ಭಾರದ ಕಾಂಡ ನೆಟ್ಟಗೆ ನಿಲ್ಲುವುದಕ್ಕೆ ಹತ್ತಿಯ ಎಳೆಯನ್ನು ಹಿಗ್ಗಿಸಿದ ಆ ನೀರಿನ ಒತ್ತಡದ ನೆರವೂ ಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾದಂತೆ ಕಾಂಡದ ಸುತ್ತಳತೆ ತುಸು ತಗ್ಗಿ, ಮಳೆಗಾಲದಲ್ಲಿ ಮತ್ತೆ ಹಿಗ್ಗುತ್ತದೆ. ತೊಗಟೆ ಸುಲಿದರೆ ಬೇರೆ ಮರಗಳು ಸಾಮಾನ್ಯವಾಗಿ ಒಣಗುತ್ತವೆ, ಇದು ಹೊಸ ತೊಗಟೆಯನ್ನು ಬೆಳೆಸಿಕೊಳ್ಳಬಲ್ಲದು, ಏಕೆಂದರೆ ಗಾಯದ ಅಂಚಿನಲ್ಲಿ ಮತ್ತೆ ವಿಭಜನೆಗೆ ತೊಡಗಬಲ್ಲ ಜೀವಂತ ಕೋಶಗಳು ಧಾರಾಳವಾಗಿರುತ್ತವೆ. 2023ರ ಮಳೆಗಾಲದಲ್ಲಿ ಅಲ್ಲಿನ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿದಾಗ ಅದನ್ನು ಕಡಿದು ಸಾಗಿಸುವ ಬದಲು ಮತ್ತೆ ನೆಡುವ ಯತ್ನ ನಡೆದದ್ದು ಬರೀ ಭಾವುಕತೆಯಲ್ಲ. ಇಂತಹ ಕಾಂಡದಲ್ಲಿ ನೀರೂ ಆಹಾರವೂ ಕೂಡಿಟ್ಟಿರುವುದರಿಂದ ಬೇರು ಕಡಿದ ಮೇಲೂ ಕೋಶಗಳು ಕೆಲಕಾಲ ಬದುಕಿದ್ದು, ಹೊಸ ಬೇರು ಬಿಡಲು ಅವಕಾಶ ಇರುತ್ತದೆ. ಅದೇ ಮೆತ್ತನೆಯ ಕೋಶಗಳ ದೆಸೆಯಿಂದ ಅದರ ಕಟ್ಟಿಗೆ ತೊಲೆಗೂ ಬಾರದು, ಒಲೆಗೂ ಬಾರದು. ಕೊಡಲಿ ಅದರತ್ತ ಹೆಚ್ಚಾಗಿ ಸುಳಿಯದಿರುವುದಕ್ಕೆ ಮಠದ ನೆರಳಿನಷ್ಟೇ ಇದೂ ಕಾರಣವಾಗಿದ್ದೀತು.